ಕೂಲಂಟ್ ಡ್ರಮ್ಮಿನ ಹಕ್ಕರಕಿ

ಹಕ್ಕರಕಿ ಅಂದ್ರೆ ಏನು ಅಂತ ಬೆಂಗಳೂರಿನವರಿಗೆ ಅರ್ಥ ಮಾಡಿಸೋದು ಇವತ್ತಿಗೂ ಕಷ್ಟ ಕಣ್ರೀ. ತೊಂಬತ್ತರ ದಶಕದಲ್ಲಂತೂ ಕೇಳಲೇಬೇಡಿ. ದಾಸರಹಳ್ಳಿ ಸಂತೆಯಿಂದ ಹಿಡಿದು ಯಶವಂತಪುರದ ಮಾರ್ಕೆಟ್ಟಿನ ತನಕ ನಾನು ಕೇಳದ ಸೊಪ್ಪಿನವಳಿಲ್ಲ. ಒಬ್ಬಳು ದಂಟು ಕೊಟ್ಟಳು, ಒಬ್ಬಳು ಅರಿವೆ ಕೊಟ್ಟಳು, ಇನ್ನೊಬ್ಬಳು ಅಂಥ ಸೊಪ್ಪೇ ಇಲ್ಲ, ನಿನಗ್ಯಾರೋ ಆಟ ಆಡಿಸವ್ರೆ ಬಿಡಣ್ಣ ಅಂದಳು. ಇಲ್ಲದೆ ಏನ್ರೀ! ನಮ್ಮ ರೋಣದ ಕಡೆ ತಾಟಿನ ಅಂಚಿಗೆ ಹಸಿ ಹಕ್ಕರಕಿ ಇಲ್ಲದಿದ್ದರೆ ಜೋಳದ ರೊಟ್ಟಿ ಊಟ ಊಟವೇ ಅಲ್ಲ. ಉದ್ದನೆ ಎಲೆ, ಅಂಚಿಗೆ ಗರಗಸದ ಹಲ್ಲು, ಮುರಿದರೆ ಹಾಲು ಬರುತ್ತೆ. ಬೇಯಿಸೋದಿಲ್ಲ, ಹುರಿಯೋದಿಲ್ಲ. ತೊಳೆದು, ನೀವು ಕಡಲೆಕಾಯಿ ಚಟ್ನಿಪುಡಿ ಅನ್ನೋ ನಮ್ಮ ಶೇಂಗಾ ಹಿಂಡಿ, ಗಟ್ಟಿ ಮೊಸರಿನ ಜೊತೆ ಕರಕರ ಅಂತ ಅಗಿಯೋದು. ಮೊದಲು ಸಣ್ಣಗೆ ಕಹಿ ಅನ್ನಿಸುತ್ತೆ, ಆಮೇಲೆ ಇನ್ನೊಂದು ಎಲೆಗೆ ಕೈ ತಾನೇ ಹೋಗುತ್ತೆ.

ಆ ಸೊಪ್ಪಿಗೋಸ್ಕರ ನಾನು ಹುಚ್ಚನ ಹಾಗೆ ಅಲೆದದ್ದು ನನ್ನ ಹೆಂಡತಿಗಾಗಿ. ನಾನಾಗ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್. ಮದುವೆಯಾಗಿ ಅವಳನ್ನ ಕರಕೊಂಡು ಬಂದು ದಾಸರಹಳ್ಳಿಯ ಒಂದು ಮನೆಯ ಮೇಲ್ಗಡೆ ಭಾಗದಲ್ಲಿ ಬಾಡಿಗೆಗಿದ್ದೆ. ಒಂದು ರೂಮು, ಕೈಕಾಲು ಮಡಚಿಕೊಂಡು ಅಡುಗೆ ಮಾಡೋ ಅಷ್ಟು ಅಡುಗೆಮನೆ, ತಲೆ ಮೇಲೆ ತಾರಸಿ. ವರ್ಷ ತುಂಬೋದರೊಳಗೆ ಅವಳು ಬಸುರಿಯಾದಳು, ನಾನು ಫ್ಯಾಕ್ಟರಿಗೆಲ್ಲ ಪೇಡೆ ಹಂಚಿದೆ. ಆದರೆ ಅವಳ ಹೊಟ್ಟೆಯಲ್ಲಿ ಒಂದು ತುತ್ತೂ ನಿಲ್ಲುತ್ತಿರಲಿಲ್ಲ. ಅನ್ನ ಕಂಡರೆ ವಾಂತಿ, ಒಗ್ಗರಣೆ ವಾಸನೆಗೆ ವಾಂತಿ, ಗಾಳಿ ತಿರುಗಿ ಹತ್ತಿರದ ಪ್ಲೇಟಿಂಗ್ ಶಾಪಿನ ಆಸಿಡ್ ಘಾಟು ಬಂದರೆ ಅದಕ್ಕೂ ವಾಂತಿ. ಡಾಕ್ಟರಮ್ಮ ಇನ್ನು ಸ್ವಲ್ಪ ದಿನ ತಾಳು ಅಂದರು. ತಾಳಿದ್ದೇ ಬಂತು, ಅವಳ ಬಳೆಗಳು ಮೊಣಕೈ ತನಕ ಜಾರುವಷ್ಟು ಸೊರಗಿದಳು.

ಒಂದು ಸಂಜೆ ಬಾಗಿಲ ಹತ್ತಿರ ಕೂತುಕೊಂಡು, ಹಕ್ಕರಕಿ ಒಂದಿದ್ದರೆ ರೊಟ್ಟಿ ತಿಂದೇನು ಅನ್ನಿಸ್ತೈತಿ ಅಂದಳು. ನಾನು ತಂದುಕೊಡ್ತೀನಿ ಅಂತ ಎದ್ದೇಬಿಟ್ಟೆ. ಅವಳು ನಕ್ಕೂ ನಗದ ಹಾಗೆ ಮಾಡಿ ಇನ್ನೊಂದು ಮಾತಂದಳು.

“ಈ ಊರು ನನಗ ಒಗ್ಗಂಗಿಲ್ಲ ಬಿಡ್ರಿ. ಹಡ್ಯಾಕ ಹೋದಾಕಿ ಅಲ್ಲೇ ಇದ್ದುಬಿಡ್ತೀನಿ. ನೀವು ಹಬ್ಬ ಹುಣ್ಣಿವಿಗೆ ಬಂದು ಹೋಗಿ ಮಾಡ್ರಿ.”

ಸಿಟ್ಟಿನಿಂದ ಅಂದಿದ್ದರೆ ನಾನೂ ಸಿಟ್ಟು ಮಾಡಿ ಮುಗಿಸ್ತಿದ್ದೆ. ಅವಳು ಅಂದದ್ದು ತಣ್ಣಗೆ, ಲೆಕ್ಕ ಹಾಕಿದವರ ಹಾಗೆ. ಅದು ನನಗೆ ಬರೀ ಮಾತು ಅನ್ನಿಸಲಿಲ್ಲ. ಯಾಕಂದ್ರೆ ಹಾಗೆ ಬದುಕುತ್ತಿದ್ದವರು ನಮ್ಮ ಹಿಂದಿನ ವಠಾರದ ತುಂಬಾ ಇದ್ದರು. ಎಲ್ಲಾ ನಮ್ಮ ಕಡೆಯವರೇ, ಫ್ಯಾಕ್ಟರಿಗೋ ಗಾರೆ ಕೆಲಸಕ್ಕೋ ಬಂದವರು. ಹೆಂಡತಿ ಮಕ್ಕಳು ಊರಲ್ಲಿ, ತಾವು ಇಲ್ಲಿ ಒಂದು ರೂಮಿಗೆ ಐದಾರು ಜನ. ಊರಿಗೆ ಹೋದರೆ ಸ್ವಂತ ಕೂಸು ಅಪ್ಪನ್ನ ನೋಡಿ ಅಜ್ಜಿ ಸೆರಗಿನ ಹಿಂದೆ ಅಡಗೋದು. ಮದುವೆಗೆ ಮುಂಚೆ ನಾನೂ ಅಂಥ ರೂಮಿನಲ್ಲಿ ಉಂಡು ಮಲಗಿದವನೇ. ಮತ್ತೆ ಆ ಚಾಪೆಗೆ ಹೋಗೋದಾ? ಸಾಧ್ಯವೇ ಇಲ್ಲ ಅಂದುಕೊಂಡೆ. ಹೆರಿಗೆಗೆ ತವರಿಗೆ ಹೋಗೋದು ಪದ್ಧತಿ, ಹೋಗಲಿ. ಆದರೆ ಹೋಗೋಕೆ ಮುಂಚೆ ಈ ಊರಲ್ಲಿ ಅವಳು ಹೊಟ್ಟೆ ತುಂಬಾ ಒಂದು ಊಟ ಉಣ್ಣಬೇಕು, ಇಲ್ಲದಿದ್ದರೆ ಅವಳು ವಾಪಸು ಬರೋದಿಲ್ಲ. ಇದು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

ಊರಿನಿಂದ ತಂದರೆ ಮುಗೀತಲ್ಲ ಅಂತ ನೀವು ಕೇಳಬಹುದು. ತಂದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಿಟಕಿ ಪಕ್ಕ ಗಾಳಿಗೆ ಇಟ್ಟುಕೊಂಡು, ಕೂಸಿನ ಹಾಗೆ ತಂದೆ. ಬೆಂಗಳೂರು ಮುಟ್ಟೋ ಹೊತ್ತಿಗೆ ಬಾಡಿ ಬತ್ತಿಯಾಗಿತ್ತು. ಹಕ್ಕರಕಿ ಅಂದ್ರೆ ಕಿತ್ತ ಹೊತ್ತಿಗೆ ತಿನ್ನೋ ಪಲ್ಯ; ಹಸಿ ಸೊಪ್ಪಿಗೂ ನಾವು ಪಲ್ಯ ಅಂತಲೇ ಅನ್ನೋದು. ಅವಳು ಒಂದು ಎಲೆ ಬಾಯಿಗಿಟ್ಟು, ಮುಖ ಆ ಕಡೆ ಮಾಡಿಕೊಂಡಳು. ಆಗಲೇ ನಾನು ತೀರ್ಮಾನ ಮಾಡಿದ್ದು: ತರೋದಲ್ಲ, ಇಲ್ಲೇ ಬೆಳೆಯೋದು. ನಮ್ಮ ತಲೆ ಮೇಲೇ!

ಫ್ಯಾಕ್ಟರಿಯಲ್ಲಿ ನಮ್ಮ ಕಡೆಯ ವೆಲ್ಡರ್ ಒಬ್ಬ ಗೆಳೆಯನಿದ್ದ. ಲೇತಿನ ಕೆಲಸ ಬಿಸಿಯಾಗದ ಹಾಗೆ ಹೊಯ್ಯೋ ಎಣ್ಣೆ, ಅಂದ್ರೆ ಕೂಲಂಟ್, ತುಂಬಿ ಬರೋ ಖಾಲಿ ಡ್ರಮ್ ಒಂದನ್ನ ಸ್ಟೋರಿನವರನ್ನ ಕೇಳಿ ತಗೊಂಡು, ಊಟದ ಬಿಡುವಿನಲ್ಲಿ ಅವನ ಕೈಯಲ್ಲಿ ಉದ್ದಕ್ಕೆ ಎರಡು ಹೋಳು ಮಾಡಿಸಿದೆ. ದನ ನೀರು ಕುಡಿಯೋ ತೊಟ್ಟಿ ಇರುತ್ತಲ್ಲ, ಅಂಥ ಎರಡು ತೊಟ್ಟಿ ಆಯ್ತು. ಒಳಗೆ ಹುಲ್ಲು ಹಾಕಿ ಸುಟ್ಟು, ಸೋಡಾ ಹಾಕಿ ತಿಕ್ಕಿ, ತೊಳೆದ ನೀರಿನ ಮೇಲೆ ಎಣ್ಣೆಯ ಬಣ್ಣ ಹೋಗೋ ತನಕ ತೊಳೆದೆ. ಗೆಳೆಯ ಅಡಿಗೆ ತೂತು ಹಾಕ್ಲಾ ಅಂದ. ನಾನು ಬೇಡವೇ ಬೇಡ ಅಂದೆ. ಬಾಡಿಗೆ ಮನೆಯಲ್ಲಿರೋರಿಗೆ ತಾರಸಿ ಸೋರೋ ಭಯ ಹುಲಿ ಭಯಕ್ಕಿಂತ ದೊಡ್ಡದು. ಸೂರಿನಲ್ಲಿ ಒಂದು ಹನಿ ಕಂಡರೂ ಓನರು ನಮ್ಮ ಸಾಮಾನು ಬೀದಿಗೆ ಹಾಕ್ತಾರೆ ಅಂತ ನನಗೆ ಗೊತ್ತಿತ್ತು.

ಇನ್ನು ಮಣ್ಣಿನ ಮಾತು ಬಂತು. ಭಾನುವಾರ ವಠಾರದಲ್ಲಿ ನಮ್ಮವರೆಲ್ಲ ಸೇರಿ ಪಂಚಾಯ್ತಿ ನಡೆಸಿದರು. ಈ ಬೆಂಗಳೂರಿನ ಕೆಮ್ಮಣ್ಣಿನಲ್ಲಿ ರಾಗಿ ಬೆಳೀಬಹುದು, ಹಕ್ಕರಕಿ ಬೆಳೆಯೋದಿಲ್ಲ, ಅದಕ್ಕೆ ನಮ್ಮ ಎರೆಮಣ್ಣೇ ಬೇಕು ಅಂತ ಎಲ್ಲರದ್ದೂ ಒಂದೇ ಅಭಿಪ್ರಾಯ. ಎರೆಮಣ್ಣು ಅಂದ್ರೆ ನಮ್ಮ ಕಡೆಯ ಕಪ್ಪು ಮಣ್ಣು. ಅದರ ಬಗ್ಗೆ ನಮಗಿರೋ ಸೊಕ್ಕು ಬಂಗಾರ ಇರೋರಿಗೂ ಇರೋದಿಲ್ಲ. ನಾನೂ ಹೌದಪ್ಪಾ ಅಂದೆ. ರಜೆ ಹಾಕಿ ಊರಿಗೆ ಹೋಗಿ, ಬೀಜದ ಜೊತೆ ಎರಡು ಗೋಣಿಚೀಲ ಎರೆಮಣ್ಣು ತುಂಬಿಸಿ ಬಸ್ಸಿಗೇರಿಸಿದೆ. ಕಂಡಕ್ಟರ್ ಚೀಲ ಒದ್ದು ನೋಡಿ ಏನಿದು ಅಂದ. ಮಣ್ಣು ಅಂದೆ. ಅವನು ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ, ಬೆಂಗಳೂರಾಗ ಮಣ್ಣು ತೀರೈತೇನು ಅಂತ ಕೇಳಿದ. ಇಡೀ ಬಸ್ಸು ನಕ್ಕಿತು. ನಗಲಿ ಬಿಡ್ರಿ, ನನಗೇನು! ನಾನು ಎದೆ ಉಬ್ಬಿಸಿಕೊಂಡು ಕೂತಿದ್ದೆ.

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಾಗಾಯ್ತು ನನ್ನ ಕತೆ. ಎರಡೂ ತೊಟ್ಟಿಗೆ ಎರೆಮಣ್ಣು ತುಂಬಿ, ಬೀಜ ಚೆಲ್ಲಿ, ಬೆಳಗ್ಗೆ ಸಂಜೆ ಕೊಡಗಟ್ಟಲೆ ನೀರು ಹೊಯ್ದೆ. ಸಾಲದ್ದಕ್ಕೆ ಮಳೆಯೂ ಜಡಿಯಿತು. ಕೆಳಗೆ ತೂತಿಲ್ಲ, ನೀರು ಹೋಗೋದೆಲ್ಲಿಗೆ? ಮಣ್ಣು ಉಬ್ಬಿ ಅಂಟಂಟಾಗಿ, ಕೈ ಹಾಕಿದರೆ ಹಿಡಿದುಕೊಂಡು ಬಿಡಲೊಲ್ಲದು. ಆಮೇಲೆ ಬಿಸಿಲು ಹೊಡೀತು ನೋಡಿ, ಅದೇ ಮಣ್ಣು ಕಲ್ಲಾಗಿ, ಬೆರಳು ತೂರೋ ಅಷ್ಟು ಬಿರುಕು ಬಿಟ್ಟಿತು. ಒಂದು ಮೊಳಕೆ ಇಲ್ಲ. ಕೊಳೆತ ವಾಸನೆ ಒಂದು ಬಂತು. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು. ನಾನು ತಾರಸಿ ಮೇಲೆ ನಿಂತು ಆ ಡ್ರಮ್ಮಿಗೆ, ಮಳೆಗೆ, ಕೊನೆಗೆ ಬೆಂಗಳೂರಿಗೇ ಬೈದೆ.

ನನ್ನ ಬೈಗುಳ ಕೇಳಿ ಹೆಂಡತಿ ಮೇಲಕ್ಕೆ ಬಂದಳು. ಎಷ್ಟೋ ವಾರದಿಂದ ಮೆಟ್ಟಿಲು ಹತ್ತಿರಲಿಲ್ಲ ಅವಳು; ಬೆಳೆದು ತೋರಿಸೋ ತನಕ ಗುಟ್ಟಾಗಿರಲಿ ಅಂತ ನಾನೂ ಹೇಳಿರಲಿಲ್ಲ. ಗೋಡೆ ಹಿಡಕೊಂಡು ಬಂದು, ತೊಟ್ಟಿಯ ಬಿರುಕಿಗೆ ಬೆರಳು ಹಾಕಿ ನೋಡಿದಳು. ಏನಿದು, ಏನು ಬಿತ್ತಿದ್ರಿ, ಮಣ್ಣು ಎಲ್ಲಿಂದ ತಂದ್ರಿ ಅಂತ ಒಂದೊಂದೇ ಕೇಳಿದಳು. ನಾನು ಬಸ್ಸಿನ ಕತೆ, ಕಂಡಕ್ಟರನ ಕತೆ ಎಲ್ಲಾ ಹೇಳಿದೆ. ಅವಳಿಗೆ ನಗು ಬಂತು. ಸಣ್ಣ ನಗು ಅಲ್ಲ ರೀ, ಸೆರಗು ಬಾಯಿಗೆ ಒತ್ತಿಕೊಂಡು, ನೀರಿನ ಟ್ಯಾಂಕಿಗೆ ಒರಗಿ, ಕಣ್ಣಲ್ಲಿ ನೀರು ಬರೋ ಹಾಗೆ. ನನ್ನ ಬೆಳೆ ಹೋದದ್ದೂ ಮರೆತು ನಾನು ಅವಳನ್ನೇ ನೋಡ್ತಾ ನಿಂತೆ.

“ಹೊಲದ ಕೆಳಗ ಭೂಮಿ ಐತಿ, ನೀರು ಇಳೀತೈತಿ. ನಿಮ್ಮ ಡ್ರಮ್ಮಿನ ಕೆಳಗ ಏನೈತ್ರಿ?”

ಅವಳು ಹೇಳಿದ್ದು ಅಷ್ಟೇ. ಅಡಿಗೆ ತೂತು ಹಾಕಿ, ಎರೆಮಣ್ಣು ಸ್ವಲ್ಪ ಉಳಿಸಿಕೊಂಡು, ಮಿಕ್ಕಿದ್ದಕ್ಕೆ ಇಲ್ಲಿಯ ಕೆಮ್ಮಣ್ಣು, ಗೊಬ್ಬರ ಕಲಸೋಣ ಅಂತ ಇಬ್ಬರೂ ಮಾತಾಡಿಕೊಂಡೆವು. ಕೆಮ್ಮಣ್ಣು, ಗೊಬ್ಬರ ಎರಡೂ ಇದ್ದದ್ದು ಕೆಳಗೆ ಓನರಮ್ಮನ ಹಿತ್ತಲಲ್ಲಿ. ಓನರಮ್ಮ ಅಂದ್ರೆ ಆ ಊರಿನ ಹಳೇ ಮನೆತನದ ಹೆಂಗಸು. ಹೊಲ ಎಲ್ಲ ಫ್ಯಾಕ್ಟರಿ ಜಾಗಕ್ಕೆ ಹೋಗಿತ್ತು, ಹಸು ಒಂದು ಉಳಿದಿತ್ತು. ಹೆದರಿಕೊಂಡೇ ಹೋಗಿ ಕೇಳಿದೆ. ತಾರಸಿ ಮೇಲೆ ಬೆಳೆ ಬೆಳೀತೀನಿ ಅನ್ನೋದು ಕೇಳಿ ಆಯಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡರು. ಡ್ರಮ್ಮಿನ ಕೆಳಗೆ ಇಟ್ಟಿಗೆ ಇಟ್ಟು, ತಟ್ಟೆ ಇಟ್ಟು, ಒಂದು ಹನಿ ಕೆಳಗೆ ಬೀಳದ ಹಾಗೆ ನೋಡ್ಕೊಳ್ಳೋದಾದ್ರೆ ಬೆಳ್ಕೋ ಅಂದರು. ಏನು ಬೆಳೆ ಅಂತ ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಮಂಕರಿ ತುಂಬಾ ಗೊಬ್ಬರ ಹೊತ್ತು ಮೆಟ್ಟಿಲು ಹತ್ತಿದೆ.

ಈ ಸಲ ಬೀಜ ಚೆಲ್ಲಿದ್ದು ಅವಳು. ಆಮೇಲೆ ಒಂದು ಬೆಳಗ್ಗೆ ಹೋಗಿ ನೋಡ್ತೀನಿ, ಮಣ್ಣಿನ ಮೇಲೆ ಹಸಿರು ದೂಳು ಉದುರಿಸಿದ ಹಾಗೆ ಮೊಳಕೆ! ನಾನು ಕೂಗಿದ ಕೂಗಿಗೆ ಪಕ್ಕದ ತಾರಸಿಯಲ್ಲಿ ಆಂಟೆನಾ ತಿರುಗಿಸ್ತಿದ್ದವನು ಕೈ ಬಿಟ್ಟುಬಿಟ್ಟ. ಎರಡೆರಡು ಮೆಟ್ಟಿಲು ಇಳಿದು ಬಂದು ಹೆಂಡತಿಯನ್ನ ಎಬ್ಬಿಸಿದೆ, ಅವಳು ಕಣ್ಣುಜ್ಜಿಕೊಂಡು ಬಂದು ಬಗ್ಗಿ ನೋಡಿದಳು. ಆ ಸಂತೋಷ ಏನು ಹೇಳ್ಲಿ ನಿಮಗೆ. ಅವತ್ತಿನಿಂದ ಶಿಫ್ಟಿಗೆ ಹೋಗೋ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಮೇಲೆ ಹೋಗದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಫ್ಯಾಕ್ಟರಿಯಿಂದ ಕೇಳಿ ವರ್ನಿಯರ್ ತಂದು ಎಲೆ ಅಳೆದೆ. ದಿನಾ ಕಬ್ಬಿಣ ಅಳೆಯೋ ಕೈ, ಏನು ಮಾಡೋದು. ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಕೂಡ ಜಾಬ್ ಎಷ್ಟಾಯ್ತು ಅನ್ನೋದು ಬಿಟ್ಟು, ನಿನ್ನ ಸೊಪ್ಪು ಎಷ್ಟುದ್ದ ಆಯ್ತಪ್ಪಾ ಅಂತ ಕೇಳೋಕೆ ಶುರು ಮಾಡಿದರು.

ಅಷ್ಟರಲ್ಲಿ ಊರಿನಿಂದ ಸುದ್ದಿ ಬಂತು. ಮೂಲೆ ಅಂಗಡಿಯ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಹೇಳಿಸಿದ್ದರು: ಕುಬಸದ ದಿನ ನಿಶ್ಚಯ ಆಗಿದೆ, ಬರೋ ಭಾನುವಾರ ಅವಳ ಅಣ್ಣ ಬಂದು ಕರಕೊಂಡು ಹೋಗ್ತಾನೆ. ನಮ್ಮಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಮಾಡೋ ಕಾರ್ಯ ಅದು. ಆಮೇಲೆ ಹೆರಿಗೆ ಆಗಿ, ಬಾಣಂತನ ಮುಗಿಯೋ ತನಕ ತವರಿನಲ್ಲೇ. ಅವಳ ಮುಖ ನೋಡಿದೆ, ಅರಳಿತ್ತು. ಅರಳದೆ ಏನು ಮಾಡುತ್ತೆ? ವಾಂತಿ ಕಡಿಮೆಯಾಗಿದ್ದರೂ ಗಂಜಿ ಮಜ್ಜಿಗೆ ಬಿಟ್ಟು ಗಟ್ಟಿಯಾದದ್ದು ಇನ್ನೂ ನಿಲ್ಲುತ್ತಿರಲಿಲ್ಲ. ನಾನು ಎಲೆಗಳನ್ನ ನೋಡಿ ಬಂದೆ. ಭಾನುವಾರಕ್ಕೆ ಸರಿಯಾಗಿ ಕೊಯ್ಲಿಗೆ ಬರ್ತಾವೆ ಅಂತ ಅಂದಾಜು ಮಾಡಿ ಶಿಳ್ಳೆ ಹೊಡಕೊಂಡು ಕೆಲಸಕ್ಕೆ ಹೋದೆ.

ಸಂಜೆ ಬಂದು ತಾರಸಿಗೆ ಹೋದರೆ, ಒಂದು ತೊಟ್ಟಿ ಬೋಳು. ಬೋಳು ಅಂದ್ರೆ ಬೋಳು, ಬಾಚಣಿಗೆಯಲ್ಲಿ ಬಾಚಿದ ಹಾಗೆ ಮಣ್ಣು ಸವರಿಟ್ಟಿತ್ತು. ಹಿಂದೆಯೇ ಓನರಮ್ಮ ಬಂದರು, ಮುಖದ ತುಂಬಾ ನಗು. ಮೆಣಸಿನಕಾಯಿ ಒಣಗ್ಸೋಕೆ ಬಂದಿದ್ದೆ ಕಣಪ್ಪಾ, ನೀನು ಕೆಲಸಕ್ಕೆ ಓಗೋನು, ಕಳೆ ಕೀಳೋಕೆ ಪುರುಸೊತ್ತಿಲ್ಲ, ಎಲ್ಲಾ ಕಿತ್ತು ಅಸುಗೆ ಆಕ್ದೆ, ಇನ್ನೊಂದು ಡ್ರಮ್ಮು ನಾಳೆ ಮಾಡ್ತೀನಿ ಅಂದರು. ಆಯಮ್ಮನ ಕಣ್ಣಿಗೆ ಅದು ಕಳೆ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ನನಗೆ ಅವತ್ತು ಗೊತ್ತಾಯ್ತು. ನಾನು ಹಾರಾಡಿಬಿಟ್ಟೆ. ಬಾಡಿಗೆಯವನು ಅನ್ನೋದು ಮರೆತು, ಕಳೆ ಯಾವುದು ಬೆಳೆ ಯಾವುದು ಅಂತ ಕೇಳಬಾರದೇನ್ರೀ ಅಂತ ಗಂಟಲು ಹರಕೊಂಡೆ. ಆಯಮ್ಮನೂ ಬಿಡಲಿಲ್ಲ, ತಿನ್ನೋ ಸೊಪ್ಪಾದ್ರೆ ತಿನ್ನೋ ಸೊಪ್ಪಿನ್ ತರ ಇರ್ಬೇಕು ಅಂತ ತಿರುಗಿ ಬಿದ್ದರು.

ಗಲಾಟೆ ಕೇಳಿ ಹೆಂಡತಿ ಮೇಲೆ ಬಂದು ನಡುವೆ ನಿಂತಳು. ನನ್ನ ಕೈ ಹಿಡಿದು ಹಿಂದೆ ಸರಿಸಿ, ಓನರಮ್ಮನಿಗೆ ಮೆಲ್ಲಗೆ ಹೇಳಿದಳು: ಅಮ್ಮಾರ, ಅದು ನನ್ನ ಬಯಕಿ ಪಲ್ಲೆರಿ. ಅಷ್ಟು ಕೇಳಿದ್ದೇ ತಡ, ಆಯಮ್ಮನ ಜಗಳ ಅಲ್ಲಿಗೇ ನಿಂತಿತು. ಬಸುರಿ ಬಯಕೆ ತೀರದಿದ್ದರೆ ಹುಟ್ಟೋ ಮಗುವಿನ ಕಿವಿ ಸೋರುತ್ತೆ ಅಂತ ನಮ್ಮ ಕಡೆಯೂ ಅಂತಾರೆ, ಆಯಮ್ಮನ ಕಡೆಯೂ ಅಂತಾರೆ. ಅಯ್ಯೋ ಸಿವನೇ, ಎಂಥಾ ಕೆಲಸ ಮಾಡ್ಬುಟ್ಟೆ ಅಂತ ಅಲ್ಲೇ ಕಟ್ಟೆ ಮೇಲೆ ಕೂತರು. ಮಾರನೇ ದಿನದಿಂದ ಉಳಿದ ತೊಟ್ಟಿಗೆ ಆಯಮ್ಮನೇ ಕಾವಲು. ಪಾರಿವಾಳ ಬಂದರೆ ಕೋಲು, ಮಕ್ಕಳು ಬಂದರೆ ಕೋಲು. ನಾನು ಹತ್ತಿರ ಹೋದರೂ ಬರೀ ನೋಡು, ಮುಟ್ಬೇಡ ಅಂತಿದ್ದರು.

ಭಾನುವಾರ ಬೆಳಗಾಗೋಕೆ ಅವಳ ಅಣ್ಣ ಬಂದಿಳಿದ. ತವರಿನ ಬುತ್ತಿ ತಂದಿದ್ದ: ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕುಡಿಕೆಯಲ್ಲಿ ಮೊಸರು. ರೊಟ್ಟಿ ಅವರದ್ದು, ಪಲ್ಯ ನನ್ನದು! ಓಡಿ ಹೋಗಿ, ತೊಟ್ಟಿಯ ಒಂದು ಕಡೆಯಿಂದ ದೊಡ್ಡ ದೊಡ್ಡ ಎಲೆ ಕೊಯ್ದು, ತೊಳೆದು, ನೀರು ಝಾಡಿಸಿ ತಾಟಿಗೆ ಹಾಕಿದೆ. ಅವಳು ಗೋಡೆಗೆ ಒರಗಿ ಕೂತಳು. ಎದುರಿಗೆ ನಾನು, ಪಕ್ಕಕ್ಕೆ ಅಣ್ಣ, ಬಾಗಿಲಲ್ಲಿ ಓನರಮ್ಮ. ರೊಟ್ಟಿ ಮುರಿದಳು, ಹಿಂಡಿ ಹಚ್ಚಿದಳು, ಎರಡು ಎಲೆ ಮಡಚಿ ಇಟ್ಟುಕೊಂಡು ಬಾಯಿಗೆ ಹಾಕಿದಳು.

ಕರಕರ ಸದ್ದು. ಒಂದು ತುತ್ತು ಇಳಿಯಿತು. ನಾನು ಬಚ್ಚಲಿನ ಬಾಗಿಲು ಮೊದಲೇ ತೆಗೆದಿಟ್ಟಿದ್ದೆ, ಓಡಬೇಕಾದರೆ ಓಡಲಿ ಅಂತ. ಎರಡನೇ ತುತ್ತು ಇಳಿಯಿತು. ಅವಳು ಕಣ್ಣು ಮುಚ್ಚಿದಳು, ನಾನು ಎದ್ದು ನಿಂತೆ. ಕಣ್ಣು ತೆಗೆದು, ಹೀಂಗ ಎಲ್ಲಾರೂ ಬಾಯಿ ನೋಡಿದ್ರ ಹೆಂಗ ಉಣ್ಲಿ ಅಂದಳು. ಆ ರೊಟ್ಟಿ ಮುಗೀತು. ನಾವು ಕಾದೆವು. ಅವಳು ತಾಟು ಮುಂದೆ ಸರಿಸಿ ಇನ್ನೊಂದು ರೊಟ್ಟಿ ಹಾಕ್ರಿ ಅಂದಳು. ಅದೂ ಮುಗೀತು! ಓನರಮ್ಮ ಕೈ ಮುಗಿದರು. ಆಮೇಲೆ ಒಂದು ಎಲೆ ತಾವೂ ಅಗಿದು ನೋಡಿ, ಕಹಿಗೆ ಮುಖ ಸಿಂಡರಿಸಿಕೊಂಡು, ಅದ್ ಎಂಗ್ ತಿಂತೀರೋ ಅಂದರು. ನಾನು ನಕ್ಕದ್ದು ಬೀದಿಗೆಲ್ಲ ಕೇಳಿರಬೇಕು.

ಆ ಉಮೇದಿನಲ್ಲೇ ಕತ್ತರಿ ಹಿಡಕೊಂಡು ಮತ್ತೆ ತಾರಸಿಗೆ ಹೊರಟೆ. ತೊಟ್ಟಿಯ ಇನ್ನೊಂದು ಅರ್ಧದಲ್ಲಿ ಗಿಡಗಳು ಹಾಗೇ ಇದ್ದವು. ಎಲ್ಲಾ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಂಜೆ ಬಸ್ಸಿನಲ್ಲಿ ಎರಡು ತುತ್ತಿಗಾದರೂ ಆಗಲಿ ಅಂತ ನನ್ನ ಲೆಕ್ಕ. ಅವಳೂ ಅವಳ ಅಣ್ಣನೂ ಹಿಂದೆ ಬಂದರು. ಕತ್ತರಿ ಎಲೆಗೆ ತಾಗಿಸಿದ್ದೆ, ಅವುಗಳನ್ನ ಮುಟ್ಟಬ್ಯಾಡ್ರಿ ಅಂದಳು. ಯಾಕೆ ಅಂದೆ. ಅವಳು ಬಾಯಿ ತೆಗೆಯೋ ಮುಂಚೆ ಅಣ್ಣ ನಕ್ಕು, ನಮ್ಮ ಹೊಲದಾಗ ಬೇಕಾದಷ್ಟು ಐತಿ, ಇದನ್ಯಾಕ ಹೊತ್ಕೊಂಡು ಹೋಗೋದು ಅಂದ.

ಅವನು ಅಂದದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿ ಬದುವಿನ ಉದ್ದಕ್ಕೂ ಹಕ್ಕರಕಿ, ಕೈಗೆ ಸಿಕ್ಕಷ್ಟು, ಕಾವಲಿಲ್ಲ, ಡ್ರಮ್ಮಿಲ್ಲ. ನನ್ನ ಅರ್ಧ ತೊಟ್ಟಿ ನನಗೇ ಅಷ್ಟೇನಾ ಅನ್ನಿಸಿಬಿಡ್ತು. ಒಂದು ಊಟ ಉಂಡಳು, ಬಯಕೆ ತೀರಿತು, ಸಂಜೆ ಬಸ್ಸು ಹತ್ತುತ್ತಾಳೆ. ಅಲ್ಲಿ ಅವ್ವ ಇದ್ದಾಳೆ, ಹೊಲ ಇದೆ, ಬಾಯಿ ರುಚಿ ಇದೆ. ವಾಪಸು ಬರ್ತೀಯಾ ಅಂತ ಕೇಳೋಕೆ ಬಾಯಿ ಬರಲಿಲ್ಲ. ಇಲ್ಲ ಅಂದುಬಿಟ್ಟರೆ ಅನ್ನೋ ಭಯ. ಕತ್ತರಿ ಕೆಳಗಿಟ್ಟೆ.

ಅವಳು ತೊಟ್ಟಿಯ ಹತ್ತಿರ ಬಂದು, ಹೊಟ್ಟೆ ಹಿಡಕೊಂಡು ಬಗ್ಗಿ, ಒಂದು ಗಿಡದ ನಡುವೆ ಏಳುತ್ತಿದ್ದ ದಂಟನ್ನ ಬೆರಳಿನಿಂದ ಎತ್ತಿ ತೋರಿಸಿದಳು. ಅದರ ತುದಿಗೆ ಮೊಗ್ಗು ಬಂದಿತ್ತು. ನಾನು ದಿನಾ ನೋಡಿಯೂ ನೋಡಿರಲಿಲ್ಲ.

“ಇವು ಬೀಜಕ್ಕ ಬಿಟ್ಟಾವ್ರಿ. ಹೂವಾಗಿ ಬೀಜ ಕಟ್ಲಿ, ಗಾಳಿಗೆ ಹಾರಿ ಹೋಗೂದ್ರಾಗ ಬಿಡಿಸಿ ಇಡ್ರಿ. ನಾ ಕೂಸು ಕರಕೊಂಡು ಬಂದ ಮ್ಯಾಲೆ ಬಿತ್ತಾಕ ಬೇಕಲ್ಲ.”

ಅಣ್ಣನಿಗೆ ಅದು ಏನೂ ಅನ್ನಿಸಲಿಲ್ಲ, ಬಸ್ಸಿನ ಹೊತ್ತು ಕೇಳಿದ. ನನಗೆ ಅಲ್ಲೇ ತಾರಸಿ ಮೇಲೆ ಕುಣಿದುಬಿಡಬೇಕು ಅನ್ನಿಸಿತು. ಬೀಗರ ಎದುರಿಗೆ ಕುಣಿಯೋಕಾಗುತ್ತಾ? ಕೊಡ ಎತ್ತಿಕೊಂಡು ಆ ಗಿಡಗಳಿಗೆ ನೀರು ಹಾಕೋಕೆ ನಿಂತೆ. ನಡುಮಧ್ಯಾಹ್ನದ ಬಿಸಿಲಲ್ಲಿ ನೀರು ಹಾಕಬಾರದು ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಅವಳು ಎಲೆಗಳನ್ನ ಪಕ್ಕಕ್ಕೆ ಸರಿಸಿ ನೀರಿಗೆ ದಾರಿ ಮಾಡಿಕೊಟ್ಟಳು.